ಸಂಬಳ ಒಂದೇ, ಊರು ಬೇರೆ

ತಿಂಗಳೊಂದಕ್ಕೆ ಎಷ್ಟು ಹಣ ಕೈಗೆ ಬಂದರೆ ಒಂದು ಸಂಸಾರವು ನೆಮ್ಮದಿಯಾಗಿ ಸಾಗೀತು ಎಂಬ ಪ್ರಶ್ನೆಯನ್ನು ಹೆಣ್ಣು ಕೊಡುವ ಮನೆಯವರೂ ವೇತನ ನಿಷ್ಕರ್ಷಿಸುವ ಆಯೋಗದವರೂ ಸಾಲ ಕೊಡುವ ಬ್ಯಾಂಕಿನವರೂ ತಂತಮ್ಮ ಪ್ರಯೋಜನಕ್ಕೆ ತಕ್ಕಂತೆ ಕೇಳುತ್ತಲೇ ಬಂದಿದ್ದಾರೆ. ಕೇಳುವವರಿಗೆ ಬೇಕಾದದ್ದು ಒಂದು ಅಂಕಿ. ಆದರೆ ಶಿರಸಿಯಲ್ಲಿ ಗೌರವಸ್ಥರ ಆದಾಯವೆನ್ನಿಸಿಕೊಂಡ ಮೊತ್ತವೇ ಬೆಂಗಳೂರಿಗೆ ಬಂದೊಡನೆ ತಿಂಗಳ ಇಪ್ಪತ್ತನೆಯ ತಾರೀಖಿನ ಹೊತ್ತಿಗೆ ಬತ್ತಿಹೋಗುವ ಆದಾಯವಾಗಿ ಮಾರ್ಪಡುವುದನ್ನು, ವರ್ಗಾವಣೆಯ ಆದೇಶ ಹಿಡಿದು ಊರಿಂದೂರಿಗೆ ಗಂಟುಮೂಟೆ ಸಾಗಿಸಿದ ಯಾವ ನೌಕರನಾದರೂ ಬಲ್ಲ. ಈ ವ್ಯತ್ಯಾಸವು ಯಾವ ವಸ್ತುಗಳಲ್ಲಿ ಅಡಗಿದೆ, ಅದನ್ನು ಅಳೆಯುವುದಕ್ಕೆ ಸರಕಾರವು ಹಿಡಿದಿರುವ ಮಾನದಂಡ ಎಂಥದು ಎಂಬುದನ್ನು ಸ್ವಲ್ಪ ಸಾವಧಾನವಾಗಿ ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ದೃಷ್ಟಾಂತಕ್ಕಾಗಿ ಒಬ್ಬ ಅಂಚೆ ನೌಕರನನ್ನು ಕಲ್ಪಿಸಿಕೊಳ್ಳೋಣ. ಆತನ ಮೂಲವೇತನ 50,000 ರೂಪಾಯಿ. ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಶಿರಸಿಯ ಅಂಚೆ ಕಚೇರಿಯಿಂದ ಆತನಿಗೆ ಬೆಂಗಳೂರಿಗೆ ವರ್ಗವಾಗುತ್ತದೆ. ಮೂಲವೇತನ ಬದಲಾಗುವುದಿಲ್ಲ, ತುಟ್ಟಿಭತ್ಯೆಯೂ ಬದಲಾಗುವುದಿಲ್ಲ, ಏಕೆಂದರೆ ಅದು ಅಖಿಲ ಭಾರತ ಸೂಚ್ಯಂಕವನ್ನು ಅನುಸರಿಸುವುದರಿಂದ ದೇಶದ ಸಮಸ್ತ ಕೇಂದ್ರ ನೌಕರರಿಗೂ ಒಂದೇ ಪ್ರಮಾಣದಲ್ಲಿ ಸಲ್ಲುತ್ತದೆ. ಊರಿನ ವ್ಯತ್ಯಾಸವನ್ನು ಗಣನೆಗೆ ತೆಗೆದುಕೊಳ್ಳುವ ಭಾರವೆಲ್ಲ ಬೀಳುವುದು ಮುಖ್ಯವಾಗಿ ಮನೆ ಬಾಡಿಗೆ ಭತ್ಯೆಯ ಮೇಲೆ. ಈ ಭತ್ಯೆಯ ಸಲುವಾಗಿ ಕೇಂದ್ರ ಸರಕಾರವು ಊರುಗಳನ್ನು ಎಕ್ಸ್, ವೈ, ಝಡ್ ಎಂದು ಮೂರು ವರ್ಗ ಮಾಡಿದೆ: 50 ಲಕ್ಷಕ್ಕೆ ಮೇಲ್ಪಟ್ಟ ಜನಸಂಖ್ಯೆಯದು ಎಕ್ಸ್, 5 ಲಕ್ಷದಿಂದ 50 ಲಕ್ಷದವರೆಗಿನದು ವೈ, ಉಳಿದುದೆಲ್ಲ ಝಡ್. ಏಳನೆಯ ವೇತನ ಆಯೋಗದ ವ್ಯವಸ್ಥೆಯಲ್ಲಿ ತುಟ್ಟಿಭತ್ಯೆಯು ಶೇಕಡ 50ನ್ನು ಮುಟ್ಟಿದ 2024ರ ಜನವರಿಯಿಂದ ಈ ಮೂರು ವರ್ಗಗಳಿಗೆ ಅನುಕ್ರಮವಾಗಿ ಮೂಲವೇತನದ ಶೇಕಡ 30, 20 ಮತ್ತು 10ರಷ್ಟು ಭತ್ಯೆ ದೊರೆಯತೊಡಗಿತು. ಅಂದರೆ ನಮ್ಮ ಅಂಚೆ ನೌಕರನಿಗೆ ಶಿರಸಿಯಲ್ಲಿ 5,000 ರೂಪಾಯಿ, ಬೆಂಗಳೂರಿನಲ್ಲಿ 15,000. ಹತ್ತು ಸಾವಿರ ಹೆಚ್ಚಾಯಿತಲ್ಲ ಎಂದು ಬಂಧುಗಳು ಸಂತೋಷಪಡಬಹುದು. ಆದರೆ ಎರಡು ಕೋಣೆಯ ಸಾಧಾರಣ ಮನೆಯೊಂದಕ್ಕೆ ಶಿರಸಿಯಲ್ಲಿ 8,000 ಬಾಡಿಗೆಯೆಂದೂ, ಬೆಂಗಳೂರಿನ ಮಧ್ಯಮ ದರ್ಜೆಯ ಬಡಾವಣೆಯಲ್ಲಿ 25,000 ಎಂದೂ ಹಿಡಿದರೆ (ಬೆಂಗಳೂರಿನಲ್ಲಿ ಮನೆ ಹುಡುಕಿದವರಿಗೆ ಇದು ಉತ್ಪ್ರೇಕ್ಷೆಯೆಂದು ತೋರಲಾರದು) ವ್ಯತ್ಯಾಸವು 17,000. ಬೆಂಗಳೂರಿಗೆ ಬಂದ ಮೊದಲನೆಯ ತಿಂಗಳಿನಿಂದಲೇ, ಬೇರೆ ಒಂದು ವೆಚ್ಚವೂ ಏರದಿದ್ದರೂ, ಆತನು ಏಳು ಸಾವಿರದಷ್ಟು ಬಡವನಾಗಿರುತ್ತಾನೆ.

ಅದಕ್ಕೂ ಮೊದಲು ಅಡ್ವಾನ್ಸ್ ಎಂಬುದೊಂದುಂಟು. ಒಂದು ಕಾಲಕ್ಕೆ ಹತ್ತು ತಿಂಗಳ ಬಾಡಿಗೆಯಷ್ಟಿದ್ದ ಈ ಮುಂಗಡವು ಈಗ ಹಲವೆಡೆ ಐದಾರು ತಿಂಗಳಿಗೆ ಇಳಿದಿದೆಯಾದರೂ, ಒಂದೂಕಾಲು ಲಕ್ಷವನ್ನು ಒಮ್ಮೆಗೇ ಎಣಿಸಿಕೊಡುವ ಶಕ್ತಿ ಇಲ್ಲದವನು ಪ್ರಾವಿಡೆಂಟ್ ಫಂಡಿಗೋ ಭಾವಮೈದುನನಿಗೋ ಕೈಚಾಚಬೇಕಾಗುತ್ತದೆ. ಬಡ್ಡಿಯಿಲ್ಲದೆ ಮಾಲೀಕನ ಬಳಿ ಇರುವ ಆ ಹಣದಲ್ಲಿ, ಮನೆ ಬಿಡುವಾಗ ಸುಣ್ಣಬಣ್ಣದ ಬಾಬ್ತು ಎಂದು ಒಂದು ತಿಂಗಳ ಬಾಡಿಗೆಯನ್ನು ಮುರಿದುಕೊಳ್ಳುವ ಪದ್ಧತಿಯು ಎಷ್ಟು ಬೇರೂರಿದೆಯೆಂದರೆ, ಕರಾರುಪತ್ರ ಬರೆಯುವವರು ಆ ವಾಕ್ಯವನ್ನು ಮೊದಲೇ ಅಚ್ಚುಮಾಡಿಸಿಟ್ಟಿರುತ್ತಾರೆ. ಜೀವನವೆಚ್ಚದ ಯಾವ ಕೋಷ್ಟಕದಲ್ಲಿಯೂ ಈ ಸುಣ್ಣಬಣ್ಣಕ್ಕೆ ಒಂದು ಅಂಕಣವಿದ್ದಂತೆ ಕಾಣೆ.

ಬಾಡಿಗೆಯನ್ನು ಬದಿಗಿಟ್ಟು ಆತನ ಕಿರಾಣಿ ಚೀಟಿಯನ್ನು ನೋಡಿದರೆ ಕುತೂಹಲಕರವಾದ ಇನ್ನೊಂದು ಸಂಗತಿ ಗೋಚರಿಸುತ್ತದೆ. ಸಾಬೂನು, ಟೂತ್‌ಪೇಸ್ಟ್, ಬಿಸ್ಕತ್ತಿನ ಪೊಟ್ಟಣ, ಜ್ವರದ ಮಾತ್ರೆ, ಮೊಬೈಲಿನ ರೀಚಾರ್ಜ್ ಇವಕ್ಕೆ ಶಿರಸಿಯಲ್ಲಿಯೂ ಬೆಂಗಳೂರಿನಲ್ಲಿಯೂ ಹೆಚ್ಚುಕಡಮೆ ಒಂದೇ ಬೆಲೆ. ಗರಿಷ್ಠ ಮಾರಾಟ ಬೆಲೆಯೆಂದು ಪೊಟ್ಟಣದ ಮೇಲೆ ಅಚ್ಚಾದ ಅಂಕಿಯು ಊರನ್ನು ನೋಡುವುದಿಲ್ಲ. ಲಾರಿಯಲ್ಲಿ ಏರಿ ಪ್ರಯಾಣ ಮಾಡಬಲ್ಲ ವಸ್ತುಗಳ ಬೆಲೆಯು ಊರೂರಿಗೆ ಬಹಳ ವ್ಯತ್ಯಾಸವಾಗಲಾರದು. ಒಂದೆಡೆ ದುಬಾರಿಯಾದರೆ ಇನ್ನೊಂದೆಡೆಯಿಂದ ಸರಕು ಹರಿದುಬಂದು ಬೆಲೆಯನ್ನು ಸಮಮಾಡುತ್ತದೆ. ಪ್ರಯಾಣ ಮಾಡಲಾರದ ವಸ್ತುಗಳೇ ಊರಿಂದೂರಿಗೆ ಅಜಗಜಾಂತರವನ್ನು ಉಂಟುಮಾಡುವುವು. ಶಿರಸಿಯ ಮನೆಯನ್ನು ಲಾರಿಯಲ್ಲಿ ಹೇರಿ ಜಯನಗರಕ್ಕೆ ತರುವಂತಿಲ್ಲ. ಅಲ್ಲಿಯ ಶಾಲೆಯ ಶುಲ್ಕದಲ್ಲಿ ಮಗುವನ್ನು ಇಲ್ಲಿ ಓದಿಸುವಂತಿಲ್ಲ. ಆ್ಯಡಂ ಸ್ಮಿತ್‌ನು 1776ರಲ್ಲಿಯೇ, ತನ್ನ ದೇಶದಲ್ಲಿ ರೊಟ್ಟಿ ಮಾಂಸಗಳ ಬೆಲೆ ಊರೂರಿಗೆ ಹೆಚ್ಚೇನೂ ಬದಲಾಗದಿದ್ದರೂ ಕೂಲಿಯ ದರ ಮಾತ್ರ ಬಹಳವಾಗಿ ಬದಲಾಗುವುದನ್ನು ಗುರುತಿಸಿ, ಸರಕುಗಳಿಗಿಂತ ಮನುಷ್ಯನನ್ನು ಸಾಗಿಸುವುದು ಕಷ್ಟವೆಂಬುದನ್ನು ಅದಕ್ಕೆ ಕಾರಣವಾಗಿ ಕೊಟ್ಟಿದ್ದನು.

ಹಾಗಾದರೆ ಕ್ಷೌರದಂಥ ಸಾಮಾನ್ಯ ಸೇವೆಯು ನಗರದಲ್ಲಿ ಏಕೆ ತುಟ್ಟಿ? ಬೆಂಗಳೂರಿನ ಕ್ಷೌರಿಕನ ಕೈಚಳಕವು ಶಿರಸಿಯವನದಕ್ಕಿಂತ ಇಮ್ಮಡಿಯಲ್ಲ. ಒಂದು ತಲೆಗೆ ಇಬ್ಬರಿಗೂ ಹಿಡಿಯುವ ಹೊತ್ತೂ ಒಂದೇ. ಆದರೆ ಬೆಂಗಳೂರಿನಲ್ಲಿ ದುಡಿಯುವ ಕೈಗಳಿಗಾಗಿ ಹೆಚ್ಚು ಸಂಬಳ ಕೊಡಬಲ್ಲ ಉದ್ಯಮಗಳು ಸ್ಪರ್ಧಿಸುತ್ತಿರುವುದರಿಂದ, ಅವನನ್ನು ಕತ್ತರಿಯ ಕೆಲಸದಲ್ಲಿಯೇ ಉಳಿಸಿಕೊಳ್ಳಬೇಕಾದರೆ ಅವನ ದುಡಿಮೆಗೂ ತಕ್ಕ ಬೆಲೆ ಸಿಕ್ಕಬೇಕು. ಅದರ ಮೇಲೆ ಅವನ ಅಂಗಡಿಯೂ ಬೆಂಗಳೂರಿನ ಬಾಡಿಗೆಯನ್ನು ತೆರಬೇಕು. ಉತ್ಪಾದಕತೆ ಹೆಚ್ಚಿದ ಉದ್ಯಮಗಳ ವೇತನವು ಉತ್ಪಾದಕತೆ ಹೆಚ್ಚದ ಸೇವೆಗಳ ಬೆಲೆಯನ್ನೂ ಮೇಲೆಳೆಯುವ ಈ ಕ್ರಮವನ್ನು ಬೆಲಾ ಬಲಸ್ಸಾ ಮತ್ತು ಪಾಲ್ ಸ್ಯಾಮ್ಯುಯೆಲ್ಸನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 1964ರಲ್ಲಿ ಪ್ರತ್ಯೇಕವಾಗಿ ನಿರೂಪಿಸಿದರು. ಅವರ ಕಣ್ಣು ದೇಶದೇಶಗಳ ತಾರತಮ್ಯದ ಮೇಲಿತ್ತು. ಆದರೆ ಒಂದೇ ರಾಜ್ಯದ ಎರಡು ಊರುಗಳಿಗೂ ಈ ನ್ಯಾಯವು ಚೆನ್ನಾಗಿ ಒಪ್ಪುತ್ತದೆ.

ಬಾಡಿಗೆಯ ವಿಷಯದಲ್ಲಿ ಮಾತ್ರ ಇನ್ನೂ ಹಿಂದಿನ ಡೇವಿಡ್ ರಿಕಾರ್ಡೊನ ಬಳಿಗೇ ಹೋಗಬೇಕು. ಭೂಮಿಯ ಗೇಣಿ ಹೆಚ್ಚಾದುದರಿಂದ ಧಾನ್ಯದ ಬೆಲೆ ಏರಿತೆಂದು ಜನ ನಂಬಿದ್ದಾಗ, 1817ರಲ್ಲಿ ಆತನು ಅದನ್ನು ತಲೆಕೆಳಗು ಮಾಡಿ, ಧಾನ್ಯದ ಬೆಲೆ ಏರಿದುದರಿಂದಲೇ ಗೇಣಿ ಏರಿತೆಂದು ವಾದಿಸಿದನು. ಬೆಂಗಳೂರಿನ ಮನೆಮಾಲೀಕರ ದುರಾಶೆಯಿಂದ ಬಾಡಿಗೆ ಏರಿತೆಂದು ನಾವು ಶಪಿಸುವಾಗಲೂ ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು: ದುರಾಶೆಯು ಶಿರಸಿಯ ಮಾಲೀಕನಿಗೂ ಕಡಮೆಯಿರಲಾರದು, ಆದರೆ ಅವನ ಮನೆಯ ಮುಂದೆ ಹೆಚ್ಚು ಕೊಡಲು ಸಿದ್ಧರಾದವರ ಸಾಲು ಇಲ್ಲ. ಮಹದೇವಪುರ, ವೈಟ್‌ಫೀಲ್ಡ್‌ಗಳ ತಂತ್ರಾಂಶ ಕಂಪನಿಗಳಲ್ಲಿ ಸಂಬಳ ಏರಿದಂತೆ, ಆ ಏರಿಕೆಯ ಒಂದು ಭಾಗವು ಸುತ್ತಣ ನೆಲದ ಒಡೆಯರ ಕೈಗೆ ಸೇರುತ್ತ ಹೋಗುತ್ತದೆ. ಆ ಸಂಬಳ ಪಡೆಯುವವರಿಗೆ ಇದು ನಷ್ಟವಲ್ಲ, ಲಾಭದಲ್ಲಿ ಒಂದು ಕಡಿತ ಮಾತ್ರ. ನಿಜವಾದ ತೊಂದರೆ ಅದೇ ಬೀದಿಯಲ್ಲಿ ವಾಸಿಸಬೇಕಾದ, ಆದರೆ ಆ ಸಂಬಳ ಬಾರದ ಅಂಚೆ ನೌಕರನಿಗೆ, ಶಾಲೆಯ ಮೇಷ್ಟರಿಗೆ, ಮನೆಗೆಲಸದ ಹೆಂಗಸಿಗೆ. ಬೇರೆಯವರ ಸಮೃದ್ಧಿಯ ಬೆಲೆಯನ್ನು ತಮ್ಮ ಆದಾಯದಿಂದ ತೆರಬೇಕಾದವರು ಇವರು.

ಆದಾಯ ಹೆಚ್ಚಿದಂತೆ ಆಹಾರಕ್ಕೆ ಸಲ್ಲುವ ಪಾಲು ಕುಗ್ಗುವುದೆಂಬ ನಿಯಮವನ್ನು ಜರ್ಮನಿಯ ಅರ್ನ್ಸ್ಟ್ ಎಂಗೆಲ್‌ನು 1857ರಲ್ಲಿ ಕಂಡುಹಿಡಿದನು. ನಮ್ಮ ದೇಶದ 2023-24ರ ಗೃಹಬಳಕೆ ವೆಚ್ಚದ ಸಮೀಕ್ಷೆಯೂ ಅದನ್ನೇ ಸಾರುತ್ತದೆ: ಒಬ್ಬ ವ್ಯಕ್ತಿಯ ಸರಾಸರಿ ಮಾಸಿಕ ವೆಚ್ಚ ಗ್ರಾಮಗಳಲ್ಲಿ 4,122 ರೂಪಾಯಿ, ನಗರಗಳಲ್ಲಿ 6,996, ಅದರಲ್ಲಿ ಆಹಾರದ ಪಾಲು ಗ್ರಾಮದಲ್ಲಿ ಶೇಕಡ 47ರಷ್ಟು, ನಗರದಲ್ಲಿ ಸುಮಾರು 40. ಎಂಗೆಲ್‌ನ ಹಿಂದೆಯೇ ಬಂದ ಹೆರ್ಮನ್ ಶ್ವಾಬೆಯು 1868ರಲ್ಲಿ ಬರ್ಲಿನ್ನಿನ ಲೆಕ್ಕಗಳನ್ನು ಪರಿಶೀಲಿಸಿ, ಆದಾಯ ಕಡಮೆಯಾದಷ್ಟೂ ಅದರಲ್ಲಿ ಬಾಡಿಗೆಗೆ ಹೋಗುವ ಪಾಲು ಹೆಚ್ಚೆಂದು ತೋರಿಸಿದನು. ನಮ್ಮ ಸಮೀಕ್ಷೆಯಲ್ಲಿ ನಗರವಾಸಿಗಳ ಒಟ್ಟು ವೆಚ್ಚದ ಶೇಕಡ 7ಕ್ಕೂ ಕಡಮೆ ಬಾಡಿಗೆಗೆ ಸಲ್ಲುತ್ತದೆಂಬ ಅಂಕಿಯನ್ನು ಓದಿ ಬೆಂಗಳೂರಿನ ಬಾಡಿಗೆದಾರರು ನಗದಿರಲಾರರು. ಅಂಕಿ ಸುಳ್ಳಲ್ಲ, ಸ್ವಂತ ಮನೆಯುಳ್ಳವರನ್ನೂ ಇಲ್ಲದವರನ್ನೂ ಕೂಡಿಸಿ ತೆಗೆದ ಸರಾಸರಿ ಅದು. ಅಪ್ಪನ ಕಾಲದಲ್ಲಿ ಕಟ್ಟಿದ ಮನೆಯಲ್ಲಿರುವ ಗುಮಾಸ್ತನಿಗೂ ಮೂರನೆಯ ಮಹಡಿಯ ಬಾಡಿಗೆ ಮನೆಯಲ್ಲಿರುವ ಅವನ ಸಹೋದ್ಯೋಗಿಗೂ, ಒಂದೇ ಕಚೇರಿಯಲ್ಲಿ ಒಂದೇ ಸಂಬಳವಿದ್ದಾಗಲೂ, ನಡುವೆ ಇರುವ ಅಂತರವು ಎರಡು ಊರುಗಳ ಅಂತರಕ್ಕಿಂತ ದೊಡ್ಡದಾಗಿರುವುದುಂಟು.

ನೀರಿನ ವಿಷಯವನ್ನು ನೋಡಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕುಳಿತಿರುವ ಬೆಂಗಳೂರಿಗೆ ಹೊಳೆಯೆಂಬುದಿಲ್ಲ. ಕಾವೇರಿಯ ನೀರನ್ನು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಹಾರೋಹಳ್ಳಿ, ತಾತಗುಣಿಗಳ ಪಂಪುಗಳ ಮೂಲಕ ಮೂರು ಹಂತಗಳಲ್ಲಿ ಸುಮಾರು 500 ಮೀಟರಿನಷ್ಟು ಮೇಲಕ್ಕೆತ್ತಿ ತರಬೇಕು. ಈ ಕೊಳಾಯಿ ತಲುಪಿದ ಬಡಾವಣೆಯವರಿಗೆ ನೀರಿನ ವೆಚ್ಚ ಅಲ್ಪವೇ ಸರಿ. ಅದು ತಲುಪದ ಹೊರವಲಯದವರು ಕೊಳವೆಬಾವಿ ಬತ್ತಿದಾಗ ಟ್ಯಾಂಕರನ್ನು ಕರೆಯಬೇಕು. 2024ರ ಬೇಸಗೆಯಲ್ಲಿ ಟ್ಯಾಂಕರಿನವರು ಕೇಳಿದ್ದೇ ಬೆಲೆಯಾದಾಗ ಜಿಲ್ಲಾಡಳಿತವು ಮಧ್ಯೆ ಪ್ರವೇಶಿಸಿ, ಐದು ಕಿಲೋಮೀಟರಿನೊಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ ಎಂದು ದರ ಗೊತ್ತುಮಾಡಿತು. ಶಿರಸಿಯ ಕಡೆಯ ಮನೆಗಳಲ್ಲಿ ಹಿತ್ತಿಲ ಬಾವಿಯಿಂದ ಸೇದಿದ ನೀರಿಗೆ ಯಾರೂ ರಸೀದಿ ಕೊಡುವುದಿಲ್ಲ. ಅಂಥ ಬಾವಿಯ ನೀರು, ಅಂಗಳದ ತೆಂಗಿನಕಾಯಿ, ಬೆಟ್ಟದಿಂದ ತಂದ ಸೌದೆ, ಅಣ್ಣನ ಗದ್ದೆಯಿಂದ ಬರುವ ಅಕ್ಕಿಯ ಮೂಟೆ ಇವುಗಳಲ್ಲಿ ಯಾವುದೂ ಸಂಬಳದ ಚೀಟಿಯಲ್ಲಿ ಕಾಣುವುದಿಲ್ಲ. ಆದರೆ ಸಂಬಳದ ಅಗತ್ಯವನ್ನು ಕುಗ್ಗಿಸುವ ಶಕ್ತಿ ಇವಕ್ಕೆ ಇದೆ, ಮತ್ತು ವರ್ಗಾವಣೆಯ ದಿನ ಇವು ಹಿಂದೆಯೇ ಉಳಿಯುತ್ತವೆ.

ಇನ್ನು ಸರಕಾರದ ಅಳತೆಗೋಲಿನ ಮಾತು. ತುಟ್ಟಿಭತ್ಯೆಗೆ ಆಧಾರವಾದ ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕವನ್ನು ಕೇಂದ್ರದ ಲೇಬರ್ ಬ್ಯೂರೋ 2016ನೆಯ ವರ್ಷವನ್ನು 100 ಎಂದಿಟ್ಟುಕೊಂಡು, ದೇಶದ 88 ಕೇಂದ್ರಗಳಿಂದ ಬೆಲೆ ಸಂಗ್ರಹಿಸಿ ಸಿದ್ಧಪಡಿಸುತ್ತದೆ. ಕೇಂದ್ರವಾರು ಅಂಕಿಗಳು ಪ್ರಕಟವಾಗುವುದರಿಂದ, ಬೆಂಗಳೂರಿನ ಸೂಚ್ಯಂಕಕ್ಕಿಂತ ಬೇರೊಂದು ಸಣ್ಣ ಊರಿನದು ಹೆಚ್ಚಿರುವುದನ್ನು ಕಂಡು, ಆ ಊರೇ ಬೆಂಗಳೂರಿಗಿಂತ ತುಟ್ಟಿಯೆಂದು ತೀರ್ಮಾನಿಸುವವರನ್ನು ನಾನು ವಿದ್ಯಾವಂತರಲ್ಲಿಯೂ ಕಂಡಿದ್ದೇನೆ. ಅದು ಭ್ರಾಂತಿ. ಆಧಾರವರ್ಷದಲ್ಲಿ ಎಲ್ಲ ಊರುಗಳನ್ನೂ 100ರಲ್ಲಿ ನಿಲ್ಲಿಸಿಬಿಟ್ಟ ಮೇಲೆ, ಪ್ರತಿಯೊಂದು ಊರೂ ತನ್ನ ಹಿಂದಿನ ಸ್ಥಿತಿಯಿಂದ ಎಷ್ಟು ಏರಿತೆಂಬುದನ್ನು ಸೂಚ್ಯಂಕ ಹೇಳೀತೇ ಹೊರತು, ಒಂದು ಊರು ಇನ್ನೊಂದಕ್ಕಿಂತ ಎಷ್ಟು ಮೇಲಿದೆ ಎಂಬುದನ್ನಲ್ಲ. ಇಬ್ಬರು ಮಕ್ಕಳು ಕಳೆದ ವರ್ಷಕ್ಕಿಂತ ಎಷ್ಟೆಷ್ಟು ಬೆಳೆದರೆಂದು ಗೋಡೆಯ ಮೇಲೆ ಗೀಟು ಹಾಕಿದ ಮಾತ್ರಕ್ಕೆ ಅವರಲ್ಲಿ ಎತ್ತರದವರು ಯಾರೆಂಬುದು ತಿಳಿಯದಷ್ಟೆ. ಇನ್ನೊಂದು ಸರಣಿಯಾದ, 2012ನ್ನು ಆಧಾರವಾಗಿ ಇಟ್ಟುಕೊಂಡ ಸಾಮಾನ್ಯ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ನಗರದ ವಸತಿಗೆ ಶೇಕಡ 21.67ರಷ್ಟು ತೂಕವಿತ್ತು, ಗ್ರಾಮದ ಬುಟ್ಟಿಯಲ್ಲಿ ಮನೆ ಬಾಡಿಗೆಗೆ ಸ್ಥಾನವೇ ಇರಲಿಲ್ಲ.

ಹೀಗೆ ಬೆಲೆಯ ಎತ್ತರವನ್ನು ನೇರವಾಗಿ ಅಳೆಯುವ ಅಧಿಕೃತ ಸಾಧನವು ಕೈಯಲ್ಲಿಲ್ಲದ ಕಾರಣ ಸರಕಾರವು ಜನಸಂಖ್ಯೆಯನ್ನು ಅದರ ಬದಲಿಗೆ ಹಿಡಿಯಿತು. ಊರು ದೊಡ್ಡದಾದರೆ ದುಬಾರಿ ಎಂಬ ಊಹೆ ಒಟ್ಟಿನಲ್ಲಿ ತಪ್ಪಲ್ಲವಾದರೂ ಅದರಿಂದ ವಿಚಿತ್ರಗಳೂ ಹುಟ್ಟುತ್ತವೆ. ಮಂಗಳೂರು, ಮೈಸೂರು, ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಐದೂ ವೈ ವರ್ಗದಲ್ಲಿ ಸಮಾನ ಪಂಕ್ತಿಯಲ್ಲಿ ಕುಳಿತಿವೆ. ತಲಾ ಆದಾಯದಲ್ಲಿ ರಾಜ್ಯದ ಮುಂಚೂಣಿಯಲ್ಲಿರುವ ದಕ್ಷಿಣ ಕನ್ನಡಕ್ಕೂ ಕೊನೆಯ ಸಾಲಿನಲ್ಲಿರುವ ಕಲಬುರಗಿಗೂ ನೆಲದ ಬೆಲೆ, ಕೂಲಿಯ ದರಗಳು ಒಂದೇ ಆಗಿರಲು ಸಾಧ್ಯವೇ? ಜನಸಂಖ್ಯೆಯನ್ನಾದರೂ 2011ರ ಗಣತಿಯಿಂದ ತೆಗೆದುಕೊಂಡದ್ದು. ಆ ಮೇಲೆ ಬೆಂಗಳೂರು ಎಷ್ಟು ಬೆಳೆಯಿತೆಂಬುದನ್ನು ಬಲ್ಲವರೇ ಬಲ್ಲರು. ಇನ್ನೂ ಒಂದು ಸ್ವಾರಸ್ಯವುಂಟು. ಬಾಡಿಗೆ ಭತ್ಯೆಗೆ ಆದಾಯ ತೆರಿಗೆಯಿಂದ ವಿನಾಯಿತಿ ಕೊಡುವ ನಿಯಮದಲ್ಲಿ ಮುಂಬಯಿ, ದೆಹಲಿ, ಕೋಲ್ಕತ್ತ, ಚೆನ್ನೈಗಳಿಗೆ ಸಂಬಳದ ಶೇಕಡ 50ರ ಮಿತಿಯಿದ್ದರೆ, ಬೆಂಗಳೂರು ಬಹುಕಾಲ ಶೇಕಡ 40ರ ಇತರ ಊರುಗಳ ಗುಂಪಿನಲ್ಲಿಯೇ ಉಳಿದಿತ್ತು. ಭತ್ಯೆ ಕೊಡುವ ಕೈಯೂ ತೆರಿಗೆ ವಸೂಲು ಮಾಡುವ ಕೈಯೂ ಒಂದೇ ಹಣಕಾಸು ಮಂತ್ರಾಲಯದವು. ಕೊಡುವ ಕೈಗೆ ಮಹಾನಗರವಾಗಿ ಕಂಡದ್ದು ತೆಗೆದುಕೊಳ್ಳುವ ಕೈಗೆ ಹಾಗೆ ಕಾಣಲಿಲ್ಲ.

ನೆಮ್ಮದಿಯೆಂದರೆ ಏನು ಎಂಬುದನ್ನು ಹಣದಲ್ಲಿ ಹೇಳುವ ಮೊದಲು ವಸ್ತುಗಳಲ್ಲಿ ಹೇಳಲು ಯತ್ನಿಸಿದವರೂ ಇದ್ದರು. 1957ರ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಕನಿಷ್ಠ ವೇತನಕ್ಕೆ ಆಧಾರವಾಗಿ ಒಂದು ಸಂಸಾರವನ್ನು ಮೂರು ಬಳಕೆಯ ಘಟಕಗಳೆಂದು ಗಣಿಸಿ, ಪೋಷಣತಜ್ಞ ಡಾ. ಅಯ್‌ಕ್ರಾಯ್ಡ್ ಸೂಚಿಸಿದ ಪ್ರಮಾಣದ ಆಹಾರ, ನಾಲ್ವರಿಗೆ ವರ್ಷಕ್ಕೆ 72 ಗಜ ಬಟ್ಟೆ, ಸರಕಾರಿ ಕೈಗಾರಿಕಾ ವಸತಿ ಯೋಜನೆಯ ಕನಿಷ್ಠ ಬಾಡಿಗೆ, ಸೌದೆ ದೀಪಾದಿ ಇತರ ವೆಚ್ಚಕ್ಕೆ ಒಟ್ಟಿನ ಶೇಕಡ 20 ಎಂದು ನಿಗದಿಮಾಡಿತು. ಮಕ್ಕಳ ವಿದ್ಯೆ, ಔಷಧ, ಹಬ್ಬಹರಿದಿನ, ಮುಪ್ಪಿನ ಕಾಲ ಇವುಗಳಿಗಾಗಿ ಶೇಕಡ 25ನ್ನು ಸೇರಿಸಬೇಕೆಂದು ಸುಪ್ರೀಂ ಕೋರ್ಟು ಹೇಳಲು 1991ರವರೆಗೆ ಕಾಯಬೇಕಾಯಿತು. ಈ ಪಟ್ಟಿಯ ದೊಡ್ಡ ಗುಣವೆಂದರೆ ಅದು ಊರನ್ನು ಬದಲಾಯಿಸಲು ಬಿಡುತ್ತದೆ: ಹಾವೇರಿಯಲ್ಲಿ ಜೋಳ, ಮಂಡ್ಯದಲ್ಲಿ ರಾಗಿ, ಉಡುಪಿಯಲ್ಲಿ ಕುಚ್ಚಲಕ್ಕಿ ಹಾಕಿ ಬೆಲೆ ಕಟ್ಟಬಹುದು. ಮಂಡ್ಯದವನು ಕಲಬುರಗಿಗೆ ಹೋಗಿಯೂ ಮುದ್ದೆಯನ್ನೇ ಬಯಸಿದರೆ ಅವನಿಗೆ ಅಲ್ಲಿಯ ಜೀವನ ತುಟ್ಟಿಯೆನ್ನಿಸುವುದು. ರೊಟ್ಟಿಗೆ ಹೊಂದಿಕೊಂಡರೆ ಅಗ್ಗವೆನ್ನಿಸುವುದು. ಎರಡೂ ಲೆಕ್ಕಗಳು ಸರಿಯೇ. ಒಂದೇ ಬುಟ್ಟಿಯನ್ನು ಹೊತ್ತು ಎರಡು ಸಂತೆಗಳಲ್ಲಿ ಬೆಲೆ ಕೇಳುವ ವಿಧಾನಕ್ಕೆ ಅಂಟಿಕೊಂಡ ಈ ತೊಡಕನ್ನು ಅರ್ಥಶಾಸ್ತ್ರವು ಇಂದಿಗೂ ಪೂರ್ಣವಾಗಿ ಬಿಡಿಸಿಲ್ಲ.

ಇಷ್ಟು ಹೇಳಿದ ಮೇಲೆ ಸಣ್ಣ ಊರೇ ಅಗ್ಗವೆಂಬ ನಿರ್ಣಯಕ್ಕೆ ಓದುಗರು ಬಂದಿದ್ದರೆ ಅದನ್ನು ತುಸು ತಡೆಯಬೇಕಾಗಿದೆ. ಸಣ್ಣ ಊರಿನಲ್ಲಿ ಇರುವ ವಸ್ತುಗಳು ಅಗ್ಗ. ಅಲ್ಲಿ ಇಲ್ಲದ ವಸ್ತುಗಳಿಗೆ ನಗರದ ಬೆಲೆಯ ಜೊತೆಗೆ ಪ್ರಯಾಣದ ಬೆಲೆಯೂ ಸೇರುತ್ತದೆ. ಶಿರಸಿಯ ಹುಡುಗಿ ಎಂಜಿನಿಯರಿಂಗ್ ಓದಲು ಬೆಂಗಳೂರಿಗೆ ಹೋದಳೆಂದರೆ, ಪಿ.ಜಿ.ಯ ಮಂಚವೊಂದಕ್ಕೆ ಆಕೆಯ ತಂದೆಯು ತೆರುವ ತಿಂಗಳ ಹಣವು ಶಿರಸಿಯಲ್ಲಿ ಇಡೀ ಮನೆಯ ಬಾಡಿಗೆಯನ್ನು ಮೀರಬಹುದು. ಹಳ್ಳಿಯ ಆದಾಯದಿಂದ ನಗರದ ವೆಚ್ಚವನ್ನು ಭರಿಸುವ ಆ ಸಂಸಾರವನ್ನು ಯಾವ ಊರಿನ ಲೆಕ್ಕಕ್ಕೆ ಸೇರಿಸಬೇಕು? ಕರಾವಳಿಯವರು ಇದರ ವಿಪರ್ಯಾಯವನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದಿದ್ದಾರೆ. ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ದುಡಿದವರು, ತರುವಾಯ ಕೊಲ್ಲಿ ದೇಶಗಳಿಗೆ ಹೋದವರು, ಅಲ್ಲಿ ಇಕ್ಕಟ್ಟಿನ ಕೋಣೆಯಲ್ಲಿ ಹಲವರು ಕೂಡಿ ಮಲಗಿ, ಗಳಿಸಿದ್ದನ್ನು ಊರಿಗೆ ಕಳಿಸಿದರು. ತುಟ್ಟಿಯ ಊರಿನಲ್ಲಿ ಗಳಿಸಿ ಅಗ್ಗದ ಊರಿನಲ್ಲಿ ಖರ್ಚುಮಾಡುವ ಈ ಜಾಣ್ಮೆಯು ಬಹಳ ಮಂದಿಗೆ ಫಲಿಸಿದಾಗ, ಆ ಹಣವೇ ಅಗ್ಗದ ಊರಿನ ನೆಲಕ್ಕೂ ಕೂಲಿಗೂ ಬೆಲೆಯೇರಿಸಿತು. ಇಂದು ಕರಾವಳಿಯಲ್ಲಿ ಅಡಕೆ ಮರ ಹತ್ತುವವರನ್ನು ಹುಡುಕುತ್ತಿರುವ ತೋಟಿಗರು ಇದನ್ನು ಚೆನ್ನಾಗಿ ವಿವರಿಸಬಲ್ಲರು.

ರಾಜ್ಯ ಸರಕಾರದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿಯೂ ಊರನ್ನು ನೋಡದ ಹಣವೇ. ಯಾದಗಿರಿಯ ಹಳ್ಳಿಯೊಂದರಲ್ಲಿ ಅದು ತಿಂಗಳ ದಿನಸಿಯ ಗಣನೀಯ ಭಾಗವಾದರೆ, ಬೆಂಗಳೂರಿನ ಹೊರವಲಯದಲ್ಲಿ ಬೇಸಗೆಯ ಎರಡು ಟ್ಯಾಂಕರ್ ನೀರು. ಊರೂರಿಗೆ ಬೇರೆ ಬೇರೆ ಮೊತ್ತ ಗೊತ್ತುಮಾಡಬೇಕೆಂದು ನಾನು ಹೇಳಲಾರೆ. ಅಂಥ ತಾರತಮ್ಯಕ್ಕೆ ಕೈಹಾಕಿದ ಯಾವ ಸರಕಾರವೂ ತಕರಾರುಗಳಿಂದ ಪಾರಾಗಲಾರದು, ಮತ್ತು ಏಕರೂಪದ ಮೊತ್ತದಿಂದ ಬಡ ಜಿಲ್ಲೆಗಳಿಗೆ ತಾನಾಗಿಯೇ ಹೆಚ್ಚು ಪ್ರಯೋಜನವಾಗುವುದು ಅನ್ಯಾಯವೂ ಅಲ್ಲ.

ನಮ್ಮ ಅಂಚೆ ನೌಕರನು ಒಂದು ದಿನ ನಿವೃತ್ತನಾಗುತ್ತಾನೆ. ಪಿಂಚಣಿಗೆ ಮನೆ ಬಾಡಿಗೆ ಭತ್ಯೆಯಿಲ್ಲ. ತುಟ್ಟಿ ಪರಿಹಾರವು ಎಲ್ಲೆಡೆಯೂ ಸಮಾನ. ಬೆಂಗಳೂರಿನಲ್ಲಿದ್ದರೂ ಶಿರಸಿಗೆ ಮರಳಿದರೂ ಕೈಗೆ ಬರುವ ಮೊತ್ತ ಒಂದೇ ಆದುದರಿಂದ, ಶಿರಸಿಯೇ ಲಾಭವೆಂದು ಕಾಗದದ ಮೇಲಿನ ಲೆಕ್ಕ ನಿಸ್ಸಂದೇಹವಾಗಿ ಹೇಳುತ್ತದೆ. ಕೇಂದ್ರ ಸರಕಾರದ ಆರೋಗ್ಯ ಯೋಜನೆಯಾದ ಸಿ.ಜಿ.ಎಚ್.ಎಸ್. ಸೌಲಭ್ಯವಿಲ್ಲದ ಊರಿನಲ್ಲಿ ನೆಲಸುವ ಕೇಂದ್ರ ಪಿಂಚಣಿದಾರರಿಗೆ ಹೊರರೋಗಿ ಚಿಕಿತ್ಸೆಯ ಬಾಬ್ತು ತಿಂಗಳಿಗೆ 1,000 ರೂಪಾಯಿಯ ಸ್ಥಿರ ಭತ್ಯೆಯೂ ಉಂಟು. ಆದರೆ ಸುಸಜ್ಜಿತವಾದ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಶಿರಸಿಯಿರುವ ಉತ್ತರ ಕನ್ನಡ ಜಿಲ್ಲೆಯ ಜನ ವರ್ಷಗಳಿಂದ ಚಳವಳಿ ನಡೆಸುತ್ತ ಬಂದಿದ್ದಾರೆ. ಹೃದ್ರೋಗಿಗಳನ್ನು ಹುಬ್ಬಳ್ಳಿಗೋ, ದೇವಿಮನೆ ಘಟ್ಟವಿಳಿದು ಕುಮಟೆಯ ದಾರಿಯಾಗಿ ಮಣಿಪಾಲಕ್ಕೋ ಒಯ್ಯುವುದು ಅಲ್ಲಿಯ ವಾಡಿಕೆ. ಒಂದು ಸಲದ ಬಾಡಿಗೆ ಕಾರಿಗೆ ಆ ಭತ್ಯೆಯ ಹಲವು ತಿಂಗಳ ಮೊತ್ತ ಹೋಗುತ್ತದೆ, ತಪಾಸಣೆಗೆ ವರ್ಷಕ್ಕೆ ಎಷ್ಟು ಸಲ ಹೋಗಬೇಕಾದೀತೆಂಬುದು ಆತನ ವಯಸ್ಸನ್ನೂ ರಕ್ತದೊತ್ತಡವನ್ನೂ ಅವಲಂಬಿಸಿದೆ, ಮತ್ತು ಮಗಳು ಆ ಹೊತ್ತಿಗೆ ಬೆಂಗಳೂರಿನಲ್ಲಿಯೇ ಕೆಲಸಕ್ಕೆ ಸೇರಿ ಬಾಡಿಗೆ ಮನೆ ಹುಡುಕುತ್ತಿರುತ್ತಾಳೆ.